ಆಲಮಟ್ಟಿ ಒಡೆದಿದೆ ಎಂದು ಗ್ರೂಪಿನಲ್ಲಿ ಬಂದಾಗ ಮೊದಲು ಯಾರನ್ನು ಕೇಳಬೇಕು?

ಪ್ರಶ್ನೆ: ನಾನು ಜಮಖಂಡಿ ತಾಲೂಕಿನ ಹೊಳೆದಂಡೆಯ ಊರಿನವಳು. ಬಿ.ಎಸ್‌ಸಿ. ಓದುತ್ತಿದ್ದೇನೆ. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಹತ್ತು ಗಂಟೆಗೆ ನಮ್ಮ ಮನೆತನದ ವಾಟ್ಸ್‌ಆ್ಯಪ್ ಗ್ರೂಪಿಗೆ ಕಾಕಾ ಒಂದು ವಿಡಿಯೊ ಹಾಕಿದರು. 'ಬ್ರೇಕಿಂಗ್! ಈಗ ತಾನೇ ಆಲಮಟ್ಟಿ ಡ್ಯಾಂ ಒಡೆದಿದೆ. 6 ಲಕ್ಷ ಟಿಎಂಸಿ ನೀರು ಬರುತ್ತಿದೆ. ಜಮಖಂಡಿ, ರಬಕವಿ, ಬನಹಟ್ಟಿ ಜನ ಕೂಡಲೇ ಊರು ಬಿಡಿ. ಎಲ್ಲರಿಗೂ ಕಳಿಸಿ' ಎಂದಿತ್ತು. ಅಪ್ಪ ರಾತ್ರೋರಾತ್ರಿ ಎಮ್ಮೆಗಳನ್ನು ಬಿಚ್ಚಿಕೊಂಡು ದಿಬ್ಬದ ಮೇಲೆ ಹೋದರು. ಬೆಳಗಾದಾಗ ಸುಳ್ಳೆಂದು ಗೊತ್ತಾಯಿತು. ನಾಲ್ಕು ದಿನ ಬಿಟ್ಟು ಹೊಳೆ ನಿಜವಾಗಿ ಏರಿತು. ತಲಾಟಿಯವರೇ (ಗ್ರಾಮ ಲೆಕ್ಕಿಗರು) ಬಂದು ಹೇಳಿದರೂ ಅರ್ಧ ಊರು ಏಳಲಿಲ್ಲ. ನಮ್ಮ ಮೇವಿನ ಬಣವೆ ನೀರಿಗೆ ಹೋಯಿತು. ಗ್ರೂಪಿನಲ್ಲಿ 'ಇಂಥದ್ದೆಲ್ಲ ಸುಳ್ಳು ಹಾಕಬೇಡಿ' ಎಂದು ಬರೆದೆ. ಕಾಕಾ ಸಿಟ್ಟಾದರು, ನಾನು ಗ್ರೂಪ್ ಬಿಟ್ಟೆ. ಇಂಥ ಸುದ್ದಿಯನ್ನು ಪರೀಕ್ಷೆ ಮಾಡುವುದು ಹೇಗೆ? ಹಿರಿಯರಿಗೆ ಹೇಳುವುದು ಹೇಗೆ? ಕಳಿಸಿದವರ ಮೇಲೆ ಕೇಸ್ ಆಗುತ್ತದೆಯೇ? ಮತ್ತೆ ಗ್ರೂಪ್ ಸೇರಲೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚುಚ್ಚಿದ್ದು ಆ ನಾಲ್ಕನೇ ದಿನ. ಸುಳ್ಳು ನಂಬಿ ಒಂದು ರಾತ್ರಿ ನಿದ್ದೆ ಕೆಟ್ಟಿತು, ಅದು ಹೋಗಲಿ. ಆದರೆ ಆ ರಾತ್ರಿಯಿಂದಾಗಿ ಖರೇ ಎಚ್ಚರಿಕೆಯ ಮಾತು ಬಿದ್ದುಹೋಯಿತು. ತಲಾಟಿಯವರು ಮನೆಬಾಗಿಲಿಗೆ ಬಂದು ನಿಂತರೂ 'ಮೊನ್ನೆನೂ ಹಿಂಗಽ ಅಂದಿದ್ರು' ಎಂದು ಜನ ಮಲಗಿದರು. ಬೆಳಗಾವಿಯಲ್ಲಿ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಪ್ರತಿ ಮಳೆಗಾಲದ ಸುದ್ದಿಯನ್ನು ಸೋಸಿದವನು ನಾನು. ಈಗ ಕಾಲೇಜು ಹುಡುಗರಿಗೆ ಅದೇ ಕೆಲಸ ಕಲಿಸುತ್ತೇನೆ. ಸುಳ್ಳು ಸುದ್ದಿಯ ಅತಿ ದೊಡ್ಡ ನಷ್ಟ ಯಾವುದು ಎಂದು ಕೇಳಿದರೆ ನಿಮ್ಮ ಊರಿನ ಆ ನಾಲ್ಕನೇ ದಿನವನ್ನೇ ತೋರಿಸುತ್ತೇನೆ.

ನಿಮಗೆ ಬಂದ ಸಂದೇಶವನ್ನೇ ಬಿಚ್ಚಿ ನೋಡೋಣ. ಅದನ್ನು ಪರೀಕ್ಷೆ ಮಾಡಲು ಇಂಟರ್‌ನೆಟ್ ಕೂಡ ಬೇಕಿರಲಿಲ್ಲ.

ಹೊಳೆ ಯಾವ ಕಡೆ ಹರಿಯುತ್ತದೆ? ನಿಮ್ಮೂರಿನ ಮುಂದೆ ಹಾಯುವ ಕೃಷ್ಣೆಯ ನೀರು ಮಹಾರಾಷ್ಟ್ರದಿಂದ ಬರುತ್ತದೆ. ಕೊಯ್ನಾ, ವಾರಣಾ, ಪಂಚಗಂಗಾ ನೀರು ಸೇರಿಕೊಂಡು ರಾಜಾಪುರ ಬ್ಯಾರೇಜ್ ದಾಟಿ ನಮ್ಮ ಕಡೆ ಇಳಿಯುತ್ತದೆ. ಚಿಕ್ಕೋಡಿ ಕಡೆ ದೂಧಗಂಗಾ ಕೂಡುತ್ತದೆ. ಆಮೇಲೆ ಹಿಪ್ಪರಗಿ ಬ್ಯಾರೇಜ್, ಆಮೇಲೆ ನೀವು. ಆಲಮಟ್ಟಿ ಇರುವುದು ನಿಮ್ಮಿಂದ ಕೆಳಗೆ. ದೇವರು ದೊಡ್ಡವನು, ಹಾಗಾಗುವುದು ಬೇಡ, ಆದರೆ ಆಲಮಟ್ಟಿಗೆ ಏನಾದರೂ ಆದರೆ ನೀರು ಕೂಡಲಸಂಗಮದ ಕಡೆ, ನಾರಾಯಣಪುರದ ಬಸವಸಾಗರದ ಕಡೆ ಓಡುತ್ತದೆ. ಜಮಖಂಡಿಯತ್ತ ಹತ್ತಿ ಬರುವುದಿಲ್ಲ. ನಿಮ್ಮ ಹತ್ತಿರ ನೀರಿನ ಮಟ್ಟ ತಗ್ಗಬೇಕು. ಆಲಮಟ್ಟಿಯ ಹಿನ್ನೀರು ನಿಮ್ಮ ಹೊಲಗಳಲ್ಲಿ ನಿಲ್ಲುತ್ತದೆ, ಅದು ನಿಜವಾದ ತಾಪತ್ರಯ. ಆದರೆ ಅದು ಡ್ಯಾಂ ಗಟ್ಟಿಯಾಗಿ ನಿಂತಿರುವಾಗ ಆಗುವ ತೊಂದರೆ. ಅಂದರೆ ಆ ಸಂದೇಶದ ಮೂರನೇ ಸಾಲೇ ಮೊದಲ ಸಾಲನ್ನು ಸುಳ್ಳು ಮಾಡುತ್ತಿತ್ತು. ಬರೆದವರು ಈ ಕಡೆಯವರೇ ಅಲ್ಲ, ಅಥವಾ ನಕಾಶೆ ಕೂಡ ನೋಡದೆ ಬರೆದಿದ್ದಾರೆ. ನಿಮ್ಮ ಅಪ್ಪನಿಗೆ ಹೊಳೆಯ ವಿಷಯ ಆ ಸಂದೇಶ ಬರೆದವನಿಗಿಂತ ನೂರು ಪಾಲು ಜಾಸ್ತಿ ಗೊತ್ತು. ಹೆದರಿಕೆ ಆ ತಿಳಿವಳಿಕೆಯನ್ನು ಒಂದು ಗಳಿಗೆ ಮರೆಸಿತು, ಅಷ್ಟೇ. ಇಂಥ ಸಂದೇಶಗಳ ಕೆಲಸವೇ ಅದು. ಅದಕ್ಕೇ ಅವು ರಾತ್ರಿ ಬರುತ್ತವೆ, 'ಕೂಡಲೇ' ಎನ್ನುತ್ತವೆ, 'ಎಲ್ಲರಿಗೂ ಕಳಿಸಿ' ಎನ್ನುತ್ತವೆ.

ಇನ್ನು '6 ಲಕ್ಷ ಟಿಎಂಸಿ'. ಈ ಲೆಕ್ಕವನ್ನು ಹೊಳೆದಂಡೆಯ ಪ್ರತಿಯೊಬ್ಬರೂ ಒಮ್ಮೆ ಕಲಿತುಬಿಡಬೇಕು ಎಂಬುದು ನನ್ನ ಆಸೆ. ಟಿಎಂಸಿ ಎಂದರೆ ನಿಂತ ನೀರಿನ ಅಳತೆ. 1 ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಕ್ಯುಸೆಕ್ ಎಂದರೆ ಹರಿಯುವ ನೀರಿನ ಅಳತೆ, ಸೆಕೆಂಡಿಗೆ 1 ಘನ ಅಡಿ. ಒಂದು ದಿನಕ್ಕೆ 86,400 ಸೆಕೆಂಡು. ಭಾಗಾಕಾರ ಮಾಡಿದರೆ, ಸುಮಾರು 11,574 ಕ್ಯುಸೆಕ್ ನೀರು ಇಡೀ ದಿನ ಹರಿದರೆ 1 ಟಿಎಂಸಿ ಆಗುತ್ತದೆ. ಆಲಮಟ್ಟಿ ತುಂಬಿ ತುಳುಕಿದರೂ ಹಿಡಿಯುವುದು ಸುಮಾರು 123 ಟಿಎಂಸಿ. 6 ಲಕ್ಷ ಟಿಎಂಸಿ ಬರಬೇಕಾದರೆ ಐದು ಸಾವಿರದ ಹತ್ತಿರ ಆಲಮಟ್ಟಿಗಳು ಒಟ್ಟಿಗೆ ಒಡೆಯಬೇಕು! ಕ್ಯುಸೆಕ್ ಎಂದು ಬರೆಯಲು ಹೋಗಿ ತಪ್ಪಿರಬಹುದು ಎಂದೇ ಇಟ್ಟುಕೊಳ್ಳಿ. 6 ಲಕ್ಷ ಕ್ಯುಸೆಕ್ ಎಂದರೆ ದಿನಕ್ಕೆ ಸುಮಾರು 52 ಟಿಎಂಸಿ. ಅಂದರೆ ಹಿಡಕಲ್ ಜಲಾಶಯದಲ್ಲಿ ತುಂಬಿದಾಗ ಇರುವಷ್ಟು ನೀರು ಒಂದೇ ದಿನದಲ್ಲಿ ಹಾದುಹೋಗಬೇಕು. ಅಷ್ಟು ನೀರು ಬಿಟ್ಟರೆ ಜಿಲ್ಲಾಡಳಿತ ಗಂಟೆಗೊಮ್ಮೆ ಮಾತಾಡುತ್ತಿರುತ್ತದೆ. ಒಂದು ವಾಟ್ಸ್‌ಆ್ಯಪ್ ಸಂದೇಶಕ್ಕೆ ಮಾತ್ರ ಗೊತ್ತಿರುವ ಗುಟ್ಟು ಆಗಿರುವುದಿಲ್ಲ, ಅಲ್ವಾ? ಇನ್ನೊಂದು ಮಾತು, ಮರೆತುಹೋಗುವ ಮುನ್ನ ಹೇಳಿಬಿಡುತ್ತೇನೆ. 'ಆಲಮಟ್ಟಿಯಲ್ಲಿ 519 ಮೀಟರ್ ನೀರು' ಎಂದು ಓದಿ ಗಾಬರಿಯಾಗುವವರೂ ಇದ್ದಾರೆ. 519.60 ಮೀಟರ್ ಎನ್ನುವುದು ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ ಎತ್ತರ. ನೀರಿನ ಆಳ ಅಲ್ಲ.

ವಿಡಿಯೊ ನೀವು ನನಗೆ ಕಳಿಸಿದ್ದೀರಿ, ನೋಡಿದೆ. ಸಂದೇಶ ಬಂದದ್ದು ರಾತ್ರಿ ಹತ್ತಕ್ಕೆ, 'ಈಗ ತಾನೇ' ಒಡೆದಿದೆ ಎನ್ನುತ್ತದೆ. ವಿಡಿಯೊದಲ್ಲಿ ಝಳಝಳ ಬಿಸಿಲು. ಮೆಟ್ಟಿಲು ಮೆಟ್ಟಿಲಾಗಿ ಹುಲ್ಲು ಬೆಳೆದ ಮಣ್ಣಿನ ಇಳಿಜಾರು ಒಮ್ಮೆಲೇ ಉಬ್ಬಿ ಕುಸಿಯುತ್ತದೆ. ಆಲಮಟ್ಟಿಯ ಗುರುತೇ ಆ ಸಾಲು 26 ಗೇಟುಗಳು. ಇದರಲ್ಲಿ ಒಂದೂ ಗೇಟಿಲ್ಲ. ಹರಿಯುವುದೂ ನೀರಲ್ಲ, ಕೆಸರು. ಮೇಲೆ ಕನ್ನಡದಲ್ಲಿ ಒಬ್ಬರು ಗಾಬರಿಯಿಂದ ಮಾತಾಡುವ ದನಿ ಇದೆ. ಆ ದನಿಗೂ ಚಿತ್ರಕ್ಕೂ ಸಂಬಂಧವೇ ಇಲ್ಲ. ಇದು ಬ್ರೆಜಿಲ್ ದೇಶದ ಬ್ರುಮಾಡಿನ್ಯೊ ಎಂಬಲ್ಲಿ 2019ರ ಜನವರಿ 25ರಂದು ನಡೆದ ದುರಂತದ ದೃಶ್ಯ. ಕಬ್ಬಿಣದ ಅದಿರಿನ ಗಣಿಯ ತ್ಯಾಜ್ಯ ತುಂಬಿದ್ದ ಕಟ್ಟೆ ಒಡೆದು ಸುಮಾರು 270 ಜನ ಸತ್ತರು. ಅವರ ಸಾವಿನ ವಿಡಿಯೊಕ್ಕೆ ಯಾರೋ ನಮ್ಮ ಆಲಮಟ್ಟಿಯ ಹೆಸರು ಅಂಟಿಸಿದ್ದಾರೆ.

ಇದನ್ನು ಹುಡುಕಿದ್ದು ನಿಮ್ಮ ಫೋನಿನಲ್ಲೇ ಇರುವ ಗೂಗಲ್ ಲೆನ್ಸ್‌ನಿಂದ. ವಿಡಿಯೊವನ್ನು ಚಿತ್ರ ಸ್ಪಷ್ಟವಾಗಿರುವ ಕಡೆ ನಿಲ್ಲಿಸಿ. ಸ್ಕ್ರೀನ್‌ಶಾಟ್ ತೆಗೆಯಿರಿ. ಮೇಲೆ ಕೆಳಗೆ ಅಂಟಿಸಿರುವ ಅಕ್ಷರಗಳನ್ನು ಕತ್ತರಿಸಿ, ಚಿತ್ರ ಮಾತ್ರ ಉಳಿಯಲಿ. ಅದನ್ನು ಲೆನ್ಸ್‌ಗೆ ಕೊಡಿ. ಅದೇ ಚಿತ್ರ ಎಲ್ಲೆಲ್ಲಿದೆ ಎಂದು ತೋರಿಸುತ್ತದೆ. ಅದರಲ್ಲಿ ಎಲ್ಲಕ್ಕಿಂತ ಹಳೆಯ ತಾರೀಖು ಹುಡುಕಿ. 2019ರಲ್ಲೇ ಇದ್ದ ಚಿತ್ರ ಮೊನ್ನೆ ರಾತ್ರಿಯದ್ದಾಗಲು ಸಾಧ್ಯವಿಲ್ಲ. ಒಂದು ಕಡೆ ಸಿಗದಿದ್ದರೆ ಬೇರೆ ದೃಶ್ಯದ ಸ್ಕ್ರೀನ್‌ಶಾಟ್ ಹಾಕಿ ನೋಡಿ. ಐದು ನಿಮಿಷದ ಕೆಲಸ.

ಆದರೆ ನಿಮ್ಮ ಅಪ್ಪ ಆ ಕತ್ತಲಲ್ಲಿ ಎಮ್ಮೆ ಬಿಚ್ಚುತ್ತ ಲೆನ್ಸ್ ತೆರೆಯಬೇಕು ಎಂದು ನಾನು ಹೇಳುವುದಿಲ್ಲ. ಎಲ್ಲರಿಗೂ ಬರುವ, ಫೋನು ಬಾರದವರಿಗೂ ಬರುವ ಒಂದೇ ಪ್ರಶ್ನೆ ಇದೆ. ತರಗತಿಯಲ್ಲಿ ಮೊದಲು ಕಲಿಸುವುದೂ ಅದನ್ನೇ. ಇದು ನಿಜವಾಗಿದ್ದರೆ ನನಗಿಂತ ಮೊದಲು ಯಾರಿಗೆ ಗೊತ್ತಾಗಬೇಕಿತ್ತು?

ಆಲಮಟ್ಟಿ ಒಡೆದರೆ ಮೊದಲು ಗೊತ್ತಾಗುವುದು ಡ್ಯಾಮಿನ ಮೇಲೆ ಪಾಳಿಯಲ್ಲಿ ಇರುವವರಿಗೆ. ಆಮೇಲೆ ಅದರ ಬುಡದ ಊರುಗಳಿಗೆ. ಆಮೇಲೆ ವಿಜಯಪುರ, ಬಾಗಲಕೋಟೆ ಎರಡೂ ಜಿಲ್ಲೆಯ ಪೊಲೀಸರಿಗೆ. ನಮ್ಮ ಕಡೆ ಮನೆತನಗಳು ಹೇಗೆ ಹರಡಿಕೊಂಡಿರುತ್ತವೆ ನಿಮಗೇ ಗೊತ್ತು. ನಿಡಗುಂದಿ ಕಡೆಯೋ ಹುನಗುಂದ ಕಡೆಯೋ ಒಬ್ಬ ಬೀಗರಾದರೂ ಇದ್ದೇ ಇರುತ್ತಾರೆ. 'ಅಲ್ಲೇನ್ ಸುದ್ದಿ ರೀ?' ಎಂದು ಒಂದು ಫೋನ್. ಅವರು ನಿದ್ದೆಗಣ್ಣಲ್ಲಿ 'ಏನಾತು, ಯಾಕ?' ಎಂದು ಕೇಳಿದರೆ ಅಲ್ಲೇ ಉತ್ತರ ಸಿಕ್ಕಿತು. ಗ್ರೂಪಿನಲ್ಲಿ ಅದೇ ವಿಡಿಯೊ ಹತ್ತು ಕಡೆಯಿಂದ ಬಂದರೂ ಅದು ಹತ್ತು ಸಾಕ್ಷಿ ಅಲ್ಲ. ಒಬ್ಬನೇ ಹೇಳಿದ್ದು ಹತ್ತು ಬಾಯಿ ದಾಟಿ ಬಂದಿದೆ. ಬೀಗರ ಒಂದು ಮಾತು ಅದಕ್ಕಿಂತ ತೂಕದ್ದು, ಏಕೆಂದರೆ ಅವರು ಅಲ್ಲಿದ್ದಾರೆ.

ಅಣೆಕಟ್ಟಿಗೆ ನಿಜವಾಗಿಯೂ ಏಟು ಬಿದ್ದಾಗ ಸುದ್ದಿ ಹೇಗೆ ಬರುತ್ತದೆ ಎಂಬುದನ್ನು ನಾವೆಲ್ಲ ಕಂಡಿದ್ದೇವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತು. ಅದೂ ರಾತ್ರಿಯೇ. ಆದರೆ ನೋಡಿ, ಸುದ್ದಿ ಬಂದಾಗ ಅದರಲ್ಲಿ ಗೇಟಿನ ನಂಬರ್ ಇತ್ತು. 33 ಗೇಟುಗಳಲ್ಲಿ ಒಂದು ಹೋಗಿದೆ ಎಂಬ ಲೆಕ್ಕ ಇತ್ತು. ಬೆಳಗಾಗುವಷ್ಟರಲ್ಲಿ ಬೇರೆ ಬೇರೆ ವರದಿಗಾರರು, ಅಧಿಕಾರಿಗಳು ಅಲ್ಲಿ ನಿಂತು ಮಾತಾಡುತ್ತಿದ್ದರು. ಎಲ್ಲರೂ ಹೇಳಿದ್ದು ಒಂದೇ ವಿಷಯ, ಆದರೆ ಬೇರೆ ಬೇರೆ ಮಾತಿನಲ್ಲಿ. ಗೇಟು ಹೋಯಿತು ಎಂದರು, ಡ್ಯಾಂ ಒಡೆಯಿತು ಎನ್ನಲಿಲ್ಲ. ನಿಜವಾದ ಸುದ್ದಿಗೆ ಊರು, ಹೊತ್ತು, ನಂಬರು, ಹೇಳಿದವರ ಹೆಸರು ಇರುತ್ತದೆ. ನಿಮ್ಮ ಗ್ರೂಪಿನ ಸಂದೇಶದಲ್ಲಿ ಹೆದರಿಕೆ ಬಿಟ್ಟರೆ ಬೇರೇನೂ ಇರಲಿಲ್ಲ.

ಹಾಗಾದರೆ ರಾತ್ರಿ ಹತ್ತಕ್ಕೆ ಯಾರನ್ನು ಕೇಳಬೇಕು? ಜಿಲ್ಲೆಯ ವಿಪತ್ತು ಕಂಟ್ರೋಲ್ ರೂಮಿನ ನಂಬರ್ 1077. ಪುಕ್ಕಟೆ ಕರೆ. ತಲಾಟಿ, ಪಿಡಿಒ ನಂಬರ್‌ಗಳು ಫೋನಿನಲ್ಲಿ ಸೇವ್ ಆಗಿರಲಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ದಿನವೂ ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವು ಕೊಡುತ್ತದೆ. ಕೇಂದ್ರ ಜಲ ಆಯೋಗ ಪ್ರವಾಹದ ಮುನ್ಸೂಚನೆ ಕೊಡುತ್ತದೆ. ನೀವು ಆಲಮಟ್ಟಿಗಿಂತ ರಾಜಾಪುರ ಮತ್ತು ಹಿಪ್ಪರಗಿಯ ಲೆಕ್ಕದ ಮೇಲೆ ಕಣ್ಣಿಡಿ. ನಿಮಗೆ ಬರುವ ನೀರು ಅಲ್ಲಿ ಮೊದಲು ಕಾಣುತ್ತದೆ. 2023ರಲ್ಲಿ ನಮ್ಮೆಲ್ಲರ ಫೋನು ಒಮ್ಮೆಲೇ ಜೋರಾಗಿ ಕೂಗಿ ಪರದೆಯ ಮೇಲೆ ಪರೀಕ್ಷಾ ಸಂದೇಶ ಬಂದದ್ದು ನೆನಪಿದೆಯಾ? ಅದು ಸರ್ಕಾರದ ತುರ್ತು ಎಚ್ಚರಿಕೆಯ ವ್ಯವಸ್ಥೆ. ಅದು ಟವರ್‌ನಿಂದ ನೇರ ಬರುತ್ತದೆ. ಯಾರೂ ಫಾರ್ವರ್ಡ್ ಮಾಡಬೇಕಾಗಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಎಚ್ಚರಿಕೆಯನ್ನು ಆಫ್ ಮಾಡಿದ್ದರೆ ದಯವಿಟ್ಟು ಆನ್ ಮಾಡಿ. ಇಷ್ಟೆಲ್ಲ ಇದ್ದರೂ ಪಂಚಾಯ್ತಿಯವರು ಡಂಗುರ ಸಾರಿದರೆ, ಗಾಡಿಗೆ ಮೈಕ್ ಕಟ್ಟಿಕೊಂಡು ಬಂದರೆ, ಅದನ್ನು ಎಲ್ಲಕ್ಕಿಂತ ಮೇಲೆ ಇಡಿ. ಹತ್ತು ಸಲ ಸುಳ್ಳು ಫಾರ್ವರ್ಡ್ ಬಂದಿದ್ದರೂ ಹನ್ನೊಂದನೇ ಸಲ ತಲಾಟಿ ಬಂದರೆ ಏಳಿ.

ಇದೇ ಪ್ರಶ್ನೆ ಬೇರೆ ಸುದ್ದಿಗೂ ಹೊಂದುತ್ತದೆ. ಮಳೆ ಜೋರಾದ ರಾತ್ರಿ 'ನಾಳೆ ಶಾಲೆಗಳಿಗೆ ರಜೆ' ಎಂದು ಜಿಲ್ಲಾಧಿಕಾರಿ ಸಹಿಯ ಆದೇಶವೊಂದು ಓಡಾಡುತ್ತದಲ್ಲ, ಅದನ್ನು ತೆಗೆದುಕೊಳ್ಳಿ. ಬಹಳ ಸಲ ಅದು ಹಿಂದಿನ ವರ್ಷದ್ದು, ತಾರೀಖು ಮಾತ್ರ ತಿದ್ದಿರುತ್ತಾರೆ. ಆದೇಶದ ನಂಬರಿನಲ್ಲಿರುವ ವರ್ಷ ನೋಡಿ, ಅದನ್ನು ತಿದ್ದಲು ಮರೆತಿರುತ್ತಾರೆ. ತಾರೀಖಿಗೂ ವಾರಕ್ಕೂ ತಾಳೆ ಆಗುತ್ತದಾ ನೋಡಿ. ಸಹಿ ಮಾಡಿದ ಅಧಿಕಾರಿ ಈಗ ಇದ್ದಾರಾ, ವರ್ಗವಾಗಿ ಹೋಗಿದ್ದಾರಾ ನೋಡಿ. ನಿಜವಾದ ಆದೇಶದಲ್ಲಿ ಯಾವ ತಾಲೂಕು, ಅಂಗನವಾಡಿಯಿಂದ ಎಷ್ಟನೇ ತರಗತಿವರೆಗೆ ಎಂದು ಬಿಡಿಸಿ ಬರೆದಿರುತ್ತಾರೆ. ತಿದ್ದಿದ ಅಂಕಿಯ ಅಕ್ಷರ ಸುತ್ತಲಿನ ಅಕ್ಷರಕ್ಕಿಂತ ಸ್ವಲ್ಪ ದಪ್ಪ ಇರುತ್ತದೆ, ಇಲ್ಲ ಬುಡ ಏರುಪೇರಾಗಿರುತ್ತದೆ. ಇಷ್ಟೆಲ್ಲ ನೋಡಲು ಆಗದಿದ್ದರೆ, ರಜೆ ಮೊದಲು ಯಾರಿಗೆ ಗೊತ್ತಾಗಬೇಕು? ಹೆಡ್ ಮಾಸ್ತರರಿಗೆ. ಅವರಿಗೆ ಕೇಳಿ. ಗೃಹಲಕ್ಷ್ಮಿ ದುಡ್ಡು ನಿಂತಿದೆ, ಈ ಲಿಂಕ್ ಒತ್ತಿ ಎಂದು ಬಂದರೆ? ಮೊದಲು ಗೊತ್ತಾಗುವುದು ಅಂಗನವಾಡಿ ಕಾರ್ಯಕರ್ತೆಗೆ, ಇಲಾಖೆಯ ಕಚೇರಿಗೆ. ಲಿಂಕ್ ಮುಟ್ಟಬೇಡಿ, ಆ್ಯಪ್ ಇನ್‌ಸ್ಟಾಲ್ ಮಾಡಬೇಡಿ. ದುಡ್ಡು ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಬೆಳಗಾವಿಯಲ್ಲಿ ಕೂತು ಬರೆಯುತ್ತಿರುವುದರಿಂದ ಗಡಿಯ ಮಾತು ಬಿಡಲಾಗುವುದಿಲ್ಲ. ಗಡಿ ವಿಷಯ ಬಿಸಿಯಾದಾಗೆಲ್ಲ ಬಸ್ಸಿಗೆ ಕಲ್ಲು ತೂರುವ, ಮಸಿ ಬಳಿಯುವ ಹಳೆಯ ವಿಡಿಯೊಗಳು ಮತ್ತೆ ಏಳುತ್ತವೆ. ಎರಡೂ ಭಾಷೆಯ ಗ್ರೂಪುಗಳಲ್ಲಿ ಏಳುತ್ತವೆ. ಅಲ್ಲಿ ನಾನು ನೋಡುವುದು ಮನುಷ್ಯರ ಜಗಳವನ್ನಲ್ಲ, ಹಿಂದಿನ ಗೋಡೆಯನ್ನು. ಅಂಗಡಿ ಬೋರ್ಡಿನಲ್ಲಿ ಏನಿದೆ? ಗಾಡಿಯ ನಂಬರ್ ಪ್ಲೇಟ್ ಯಾವ ಕಡೆಯದು? ಕೆಎ 22 ಬೆಳಗಾವಿ, ಕೆಎ 23 ಚಿಕ್ಕೋಡಿ, ಕೆಎ 28 ವಿಜಯಪುರ, ಕೆಎ 29 ಬಾಗಲಕೋಟೆ, ಕೆಎ 48 ನಿಮ್ಮ ಜಮಖಂಡಿ. ಎಂಎಚ್ 09 ಎಂದರೆ ಕೊಲ್ಹಾಪುರ. ಒಂದೇ ಪ್ಲೇಟಿನಿಂದ ಊರು ತೀರ್ಮಾನ ಆಗುವುದಿಲ್ಲ, ಗಾಡಿಗಳು ಓಡಾಡುತ್ತವೆ. ಆದರೆ ಕಾಣುವ ಹತ್ತೂ ಪ್ಲೇಟು ಬೇರೆ ರಾಜ್ಯದವಾದರೆ ಅನುಮಾನ ಪಡಲೇಬೇಕು. ಬಸ್ಸಿನ ಮೈಮೇಲಿನ ಹೆಸರಿನಿಂದ ವರ್ಷವೂ ಸಿಗುತ್ತದೆ. ವಿಜಯಪುರದ ಕಡೆಯ ಸಾರಿಗೆ ಸಂಸ್ಥೆಗೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂದದ್ದು 2021ರಲ್ಲಿ, ಅದಕ್ಕೂ ಮೊದಲು ಈಶಾನ್ಯ ಎಂದಿತ್ತು. ಹಾಗಾಗಿ 'ಕಲ್ಯಾಣ' ಎಂದು ಬರೆದ ಬಸ್ಸು ಕಂಡರೆ ಆ ವಿಡಿಯೊ 2021ಕ್ಕಿಂತ ಹಳೆಯದಲ್ಲ. ಬಿಜಾಪುರ, ಬೆಳಗಾಂ ಎಂಬ ಬೋರ್ಡುಗಳು ಸುತ್ತ ತುಂಬಿದ್ದರೆ 2014ರ ನವೆಂಬರ್ 1ಕ್ಕಿಂತ ಹಿಂದಿನದು ಇರಬಹುದು. ಅಂದು ಹೆಸರು ಬದಲಾಯಿತು. ಹಳೆ ಬೋರ್ಡು ಹಾಗೇ ಬಿಟ್ಟ ಅಂಗಡಿಗಳೂ ಇವೆ, ಆದ್ದರಿಂದ ಇದು ಸುಳಿವು ಮಾತ್ರ. ಇಂಥ ಮೂರು ನಾಲ್ಕು ಸುಳಿವು ಒಂದೇ ಕಡೆ ತೋರಿಸಿದಾಗ ಧೈರ್ಯವಾಗಿ ಹೇಳಬಹುದು.

ಇದೆಲ್ಲ ಇಷ್ಟು ಉದ್ದ ಯಾಕೆ ಹೇಳುತ್ತಿದ್ದೇನೆ ಎಂದರೆ, ಜೀವ ಹೋಗಿರುವುದನ್ನು ಕಂಡಿದ್ದೇವೆ. 2018ರಲ್ಲಿ ಮಕ್ಕಳ ಕಳ್ಳರ ವಿಡಿಯೊ ಊರೂರು ಸುತ್ತಿತು. ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆಂದು ಮಾಡಿದ ಜಾಗೃತಿ ಚಿತ್ರ. ಮೂಲದಲ್ಲಿ ಅವರು ವಾಪಸ್ ಬಂದು ಮಗುವನ್ನು ಬಿಟ್ಟು, ಒಂದು ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಕತ್ತರಿಸಿ ಹರಿಬಿಟ್ಟರು. ಆ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರ ಗುಂಪಿನಲ್ಲಿದ್ದ ಹೈದರಾಬಾದಿನ ಯುವಕನನ್ನು ಕಳ್ಳನೆಂದು ಜನ ಹೊಡೆದು ಕೊಂದರು. ಅದೇ ತಿಂಗಳ ಒಂದನೇ ತಾರೀಖು ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಐವರು ಹೀಗೇ ಸತ್ತಿದ್ದರು. ಆಮೇಲೆ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಮಿತಿ ಹಾಕಿತು. ಈಗ ಎರಡು ಬಾಣದ ಗುರುತು ಕಂಡರೆ ಆ ಸಂದೇಶ ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. 2020ರಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದು. ಆದರೆ ಬರಹವನ್ನು ಕಾಪಿ ಮಾಡಿ ಹಾಕಿದರೆ ಬಾಣದ ಗುರುತು ಹೋಗಿಬಿಡುತ್ತದೆ. ಹಾಗಾಗಿ ಬಾಣ ಇಲ್ಲ ಎಂದ ಮಾತ್ರಕ್ಕೆ ನಂಬಬೇಡಿ.

ಓದಿದವರೂ ಯಾಕೆ ನಂಬುತ್ತಾರೆ ಎಂದು ನಿಮಗೆ ಅನಿಸಿರಬಹುದು. ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜ ಎನಿಸತೊಡಗುತ್ತದೆ ಎಂದು ಅಮೆರಿಕದ ಮನಃಶಾಸ್ತ್ರಜ್ಞರು 1977ರಲ್ಲೇ ತೋರಿಸಿದ್ದಾರೆ. ಮನೆಯ ಗ್ರೂಪು, ಸಂಘದ ಗ್ರೂಪು, ಗೆಳೆಯರ ಗ್ರೂಪು, ಮೂರರಲ್ಲೂ ಒಂದೇ ವಿಡಿಯೊ ಕಂಡ ನಿಮ್ಮ ಕಾಕಾಗೆ ಆದದ್ದು ಅದೇ. 2018ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಟ್ವಿಟರ್‌ನ ಸುಮಾರು 1,26,000 ಸುದ್ದಿ ಎಳೆಗಳನ್ನು ಪರಿಶೀಲಿಸಿದರು. 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೊತ್ತು ಬೇಕಾಯಿತು. ಹರಡಿದವರು ಯಂತ್ರಗಳಲ್ಲ, ಮುಖ್ಯವಾಗಿ ಮನುಷ್ಯರೇ. ಸುಳ್ಳು ಹೊಸದಾಗಿರುತ್ತದೆ, ಹೆದರಿಸುತ್ತದೆ, ಬೆರಗು ಹುಟ್ಟಿಸುತ್ತದೆ. ನಿಜ ಸಪ್ಪೆ ಇರುತ್ತದೆ.

ಈಗ ಎಐನಿಂದ ಯಾರದೇ ದನಿ, ಯಾರದೇ ಮುಖ ಮಾಡಬಹುದು. ಕಣ್ಣು ಮಿಟುಕಿಸುವುದು ನೋಡಿ, ಬೆರಳು ಎಣಿಸಿ ಎಂಬ ಉಪಾಯಗಳು ಬೇಗ ಹಳೆಯದಾಗುತ್ತವೆ. ಅದನ್ನು ನೆಚ್ಚಿಕೊಳ್ಳಬೇಡಿ. ಒಬ್ಬ ಮಂತ್ರಿ ನಿಜವಾಗಿ ಆ ಮಾತು ಆಡಿದ್ದರೆ ಎದುರಿಗೆ ಜನ ಇರುತ್ತಿದ್ದರು, ಬೇರೆ ಕ್ಯಾಮೆರಾಗಳು ಇರುತ್ತಿದ್ದವು. ಟಿವಿ ಚಾನೆಲ್ಲಿನ ಹೆಸರು ಹಾಕಿದ ಸುದ್ದಿ ಕಾರ್ಡ್ ಬಂದರೆ ಆ ಚಾನೆಲ್ಲಿನ ಸ್ವಂತ ಪೇಜಿಗೆ ಹೋಗಿ ನೋಡಿ. ಅಲ್ಲಿ ಇಲ್ಲದಿದ್ದರೆ ಕಾರ್ಡನ್ನು ಬೇರೆ ಯಾರೋ ಮಾಡಿರುವ ಸಂಭವ ಜಾಸ್ತಿ.

ಸತ್ಯಶೋಧನೆಯನ್ನೇ ಕೆಲಸ ಮಾಡಿಕೊಂಡ ಸಂಸ್ಥೆಗಳೂ ಇವೆ. ಬೂಮ್, ಆಲ್ಟ್ ನ್ಯೂಸ್, ಫ್ಯಾಕ್ಟ್ಲಿ, ನ್ಯೂಸ್‌ಚೆಕರ್ ಇಂಥವು. ನ್ಯೂಸ್‌ಚೆಕರ್ ಕನ್ನಡದಲ್ಲೂ ಬರೆಯುತ್ತದೆ. ಕೇಂದ್ರ ಸರ್ಕಾರದ ಯೋಜನೆಗಳ ಬಗ್ಗೆ ಪಿಐಬಿಯ (ಕೇಂದ್ರದ ಪತ್ರಿಕಾ ಮಾಹಿತಿ ಕಚೇರಿ) ಫ್ಯಾಕ್ಟ್ ಚೆಕ್ ಇದೆ, ಆದರೆ ಅದು ಸರ್ಕಾರದ್ದೇ ಅಂಗ ಎಂಬುದು ನೆನಪಿರಲಿ. ತನ್ನ ಬಗೆಗಿನ ಸುದ್ದಿ ನಿಜವೋ ಸುಳ್ಳೋ ಎಂದು ಸರ್ಕಾರವೇ ತೀರ್ಮಾನಿಸುವ ಕೇಂದ್ರದ ನಿಯಮವೊಂದನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿತು. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಪು. ಯಾವ ಸಂಸ್ಥೆಯದೇ ಆಗಲಿ, 'ಸುಳ್ಳು' ಎಂಬ ಕೆಂಪು ಮುದ್ರೆ ನೋಡಿ ಬಿಡಬೇಡಿ. ಹೇಗೆ ಕಂಡುಹಿಡಿದರು ಎಂದು ಬರೆದಿದ್ದಾರಾ ನೋಡಿ. ಬರೆದಿದ್ದರೆ ಅದೇ ದಾರಿಯಲ್ಲಿ ನೀವೂ ಒಮ್ಮೆ ನಡೆದು ನೋಡಬಹುದು. ನಿಮ್ಮೂರಿನ ಹೊಳೆಯ ಸುದ್ದಿಯನ್ನು ರಾತ್ರಿ ಹತ್ತಕ್ಕೆ ಅವರು ಪರೀಕ್ಷಿಸಿ ಕೊಡುವುದಿಲ್ಲ, ಅದನ್ನು ನೀವೇ ಮಾಡಬೇಕು.

ಕೇಸಿನ ಮಾತು. ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹಬ್ಬಿಸಿ ಗಾಬರಿ ಎಬ್ಬಿಸಿದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು ಅಥವಾ ದಂಡ. ಜನರಲ್ಲಿ ಭಯ, ದ್ವೇಷ ಹುಟ್ಟಿಸುವ ಸುಳ್ಳಿಗೆ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಂ ಇದೆ, ಮೂರು ವರ್ಷದವರೆಗೆ. ನಿಜವೆಂದು ನಂಬಲು ಸರಿಯಾದ ಕಾರಣ ಇದ್ದು, ಕೆಟ್ಟ ಉದ್ದೇಶ ಇಲ್ಲದೆ, ಒಳ್ಳೆಯ ಮನಸ್ಸಿನಿಂದ ಹೇಳಿದವರಿಗೆ ಈ 353ರಲ್ಲೇ ವಿನಾಯಿತಿ ಇದೆ. ಬೇರೆಯವರು ಹಾಕಿದ್ದಕ್ಕೆ ಅಡ್ಮಿನ್ ತಾನಾಗಿಯೇ ಹೊಣೆ ಆಗುವುದಿಲ್ಲ ಎಂದು ಬಾಂಬೆ ಮತ್ತು ಕೇರಳ ಹೈಕೋರ್ಟ್‌ಗಳು ಹೇಳಿವೆ. ಆದರೆ ಕಾಕಾಗೆ ಕಾನೂನಿನ ಹೆದರಿಕೆ ಹಾಕಲು ಇದನ್ನು ಬಳಸಬೇಡಿ. ಹಾಕಿದರೆ ಅವರು ಫಾರ್ವರ್ಡ್ ನಿಲ್ಲಿಸುವುದಿಲ್ಲ, ನಿಮ್ಮ ಜೊತೆ ಮಾತು ನಿಲ್ಲಿಸುತ್ತಾರೆ.

ಕಾಕಾ ಯಾಕೆ ಸಿಟ್ಟಾದರು? ಅವರು ಆ ವಿಡಿಯೊ ಹಾಕಿದ್ದು ನಿಮ್ಮೆಲ್ಲರ ಮೇಲಿನ ಕಾಳಜಿಯಿಂದ. ಅಣ್ಣ ಹೊಳೆದಂಡೆಯಲ್ಲಿ ಮಲಗಿದ್ದಾನೆ, ಬೇಗ ತಿಳಿಸಬೇಕು ಎಂಬ ಕಳಕಳಿ ಅದು. ನೀವು ಮೂವತ್ತು ಜನರ ಮುಂದೆ 'ಸುಳ್ಳು ಹಾಕಬೇಡಿ' ಎಂದಾಗ ಅವರಿಗೆ ಕೇಳಿಸಿದ್ದು 'ನೀವು ಸುಳ್ಳುಗಾರರು' ಎಂದು. ನಿಮ್ಮ ಮಾತು ಸರಿ ಇತ್ತು, ಹೇಳಿದ ಜಾಗ ಸರಿ ಇರಲಿಲ್ಲ. ನಮ್ಮ ಕಡೆ ಸಣ್ಣವರು ದೊಡ್ಡವರನ್ನು ಮಂದಿಯೊಳಗೆ ತಿದ್ದುವುದಿಲ್ಲ. ಬದಿಗೆ ಕರೆದು ಹೇಳುತ್ತಾರೆ. ಫೋನಿನಲ್ಲೂ ಅದೇ ರೀತಿ.

ಮೊದಲು ಕಾಕಾಗೆ ನೇರ ಫೋನ್ ಮಾಡಿ. ಬರೆಯುವುದಕ್ಕಿಂತ ದನಿ ಒಳ್ಳೆಯದು. 'ಕಾಕಾ, ಎಲ್ಲಾರ ಕಾಳಜಿ ಮಾಡಿ ಹಾಕೀರಿ, ಖರೇ. ಆಲಮಟ್ಟಿ ಕಡೆ ಅತ್ಯಾಗ ಫೋನ್ ಹಚ್ಚಿದ್ದೆ. ಅಲ್ಲೇನೂ ಆಗಿಲ್ಲಂತ. ಆ ವಿಡಿಯೊ ಬ್ರೆಜಿಲ್‌ದು ಐತಿ, ನಾ ತೋರಸ್ತೀನಿ. ಗ್ರೂಪಿನ್ಯಾಗ ನೀವಽ ಒಂದು ಮಾತು ಹಾಕಿಬಿಡ್ರಿ.' ತಿದ್ದುವ ಕೆಲಸವನ್ನು ಅವರ ಕೈಯಿಂದಲೇ ಮಾಡಿಸಿ. ಹಾಕಿದವರೇ ಬಂದು 'ನಾ ಹಾಕಿದ್ದು ಸರಿ ಇಲ್ಲ, ವಿಚಾರಿಸಿದೆ' ಎಂದರೆ ಉಳಿದವರು ಅದನ್ನು ನಂಬುವಷ್ಟು ನಿಮ್ಮ ಮಾತನ್ನು ನಂಬುವುದಿಲ್ಲ. ತಿದ್ದುವಾಗ ಮೊದಲು ನಿಜ ಹೇಳಿ: ಆಲಮಟ್ಟಿ ಸುರಕ್ಷಿತವಾಗಿದೆ, ಇವತ್ತಿನ ಹೊರಹರಿವು ಇಷ್ಟು. ಆಮೇಲೆ ಆ ವಿಡಿಯೊದ ಮಾತು. ಸುಳ್ಳು ವಿಡಿಯೊವನ್ನು ಮತ್ತೆ ಹಾಕಿ ಮೇಲೆ 'ಇದು ಸುಳ್ಳು' ಎಂದು ಬರೆಯಬೇಡಿ. ಅರ್ಧ ಜನ ವಿಡಿಯೊ ನೋಡುತ್ತಾರೆ, ಬರೆದದ್ದನ್ನು ಓದುವುದಿಲ್ಲ. ಓದಲು ಬೇಸರಪಡುವ ಹಿರಿಯರಿಗೆ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಸಾಕು.

ಒಂದೇ ಸಲಕ್ಕೆ ಬದಲಾಗುತ್ತಾರೆ ಎಂದು ಕಾಯಬೇಡಿ. ರಾಜಕೀಯದ, ಧರ್ಮದ ಫಾರ್ವರ್ಡ್‌ಗಳಿಂದ ಶುರು ಮಾಡಲೂಬೇಡಿ. ಅಲ್ಲಿ ಜಗಳ ಗ್ಯಾರಂಟಿ. ನೀರು, ಮಳೆ, ರಜೆ, ಯೋಜನೆಯ ದುಡ್ಡು, ಇವುಗಳಿಂದ ಶುರು ಮಾಡಿ. ಇಲ್ಲಿ ಯಾರದೂ ಪಕ್ಷವಿಲ್ಲ, ನಿಜ ಗೊತ್ತಾದರೆ ಎಲ್ಲರಿಗೂ ಲಾಭ. ಇಲ್ಲಿ ವಿಚಾರಿಸುವ ರೂಢಿ ಬಿದ್ದರೆ ಉಳಿದ ಕಡೆ ಅದು ತಾನೇ ನಿಧಾನಕ್ಕೆ ಹೋಗುತ್ತದೆ.

ಮತ್ತೆ ಗ್ರೂಪ್ ಸೇರಿ. ಮುಂಗಾರು ಶುರುವಾಗುವ ಮೊದಲೇ ಸೇರಿ. ಲೆನ್ಸ್ ಗೊತ್ತಿರುವವಳು ಆ ಗ್ರೂಪಿನಲ್ಲಿ ನೀವೊಬ್ಬರೇ ಇರಬಹುದು, ನೀವೂ ಹೊರಗಿದ್ದರೆ ಹೇಗೆ? ಸೇರುವ ಮೊದಲು ಕಾಕಾ ಮನೆಗೆ ಹೋಗಿ ಚಹಾ ಕುಡಿದು ಬನ್ನಿ. ದಿನಾ ಮುಂಜಾನೆ ಹಿಪ್ಪರಗಿಯ ನೀರಿನ ಲೆಕ್ಕ ಎಲ್ಲಿ ಸಿಗುತ್ತದೆ ಎಂದು ಅವರ ಫೋನಿನಲ್ಲೇ ತೋರಿಸಿ, ಅದನ್ನು ಗ್ರೂಪಿಗೆ ಹಾಕುವ ಕೆಲಸ ಅವರಿಗೇ ವಹಿಸಿ. ಮೊದಲು ಸುದ್ದಿ ಮುಟ್ಟಿಸಬೇಕು ಎಂಬ ಹುರುಪು ಅವರಲ್ಲಿ ಇದೆ. ಅದಕ್ಕೆ ಖರೇ ಸುದ್ದಿ ಸಿಗಲಿ. ಆಮೇಲೆ ಗ್ರೂಪಿನಲ್ಲಿ ಇಷ್ಟು ಹಾಕಿ, ಬೇಕಾದರೆ ನಿಮ್ಮ ಮಾತಿಗೆ ಹೊಂದಿಸಿಕೊಳ್ಳಿ:

'ಎಲ್ಲಾರಿಗೂ ನಮಸ್ಕಾರ. ಮಳಿಗಾಲ ಬಂತು. ಹೊಳಿ ನೀರಿನ ಸುದ್ದಿ ಏನರ ಬಂದ್ರ ಮೊದಲ ತಲಾಟಿ ಅಣ್ಣಾರಿಗೆ ಇಲ್ಲಾ 1077ಕ್ಕ ಕೇಳೂಣು. ಕೇಳಿದವರು ಇಲ್ಲೇ ಬರೀರಿ: ಯಾರಿಗೆ ಕೇಳಿದ್ರಿ, ಎಷ್ಟಕ್ಕ ಕೇಳಿದ್ರಿ, ಅವರು ಏನಂದ್ರು. ಹಿಪ್ಪರಗಿ ನೀರಿನ ಲೆಕ್ಕ ದಿನಾ ಮುಂಜಾನೆ ಕಾಕಾ ಹಾಕ್ತಾರ. ತಲಾಟಿ ಅಣ್ಣಾರು ಏಳ್ರಿ ಅಂದ್ರ ಎಲ್ಲಾರೂ ಏಳೂಣು, ಮೊದಲ ದನಾ ಬಿಚ್ಚೂಣು.'